ಸಾವುಕಾರನ ಹಕ್ಕಿಗೆ ಬಣ್ಣ

ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ದುರುಗವ್ವನಿಗೆ ಸಿಟ್ಟು ಬಂದಿದೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಓಣಿಯ ಈ ತುದಿಯಲ್ಲಿ ಬಾಯಿ ತೆಗೆದರೆ ಆ ತುದಿಗೆ ಕೇಳಿಸುತ್ತಿತ್ತು. ಹಾಲಿನವನು ನೀರು ಬೆರೆಸಿದರೆ ಸಿಟ್ಟು. ಗಿರಾಕಿ ಗೊಂಬೆಯನ್ನು ತಲೆಕೆಳಗಾಗಿ ಹಿಡಿದರೆ ಸಿಟ್ಟು. ಆಗಷ್ಟೇ ಹಚ್ಚಿದ ಬಣ್ಣಕ್ಕೆ ಬೆರಳಿಟ್ಟು "ಹಸಿ ಐತೇನ್ರಿ?" ಎಂದು ಕೇಳುವ ಜಾಣರನ್ನು ಕಂಡರಂತೂ ಮೈಯೆಲ್ಲ ಉರಿ. "ಇಲ್ಲಪಾ, ಒಣಗೈತಿ. ನಿನ್ನ ಬೆರಳಿಗೆ ಹತ್ತಿದ್ದು ಅರಿಶಿಣ ಕುಂಕುಮ, ಮನಿಗೆ ಹೋಗಿ ಪೂಜಿ ಮಾಡ್ಕೋ," ಎನ್ನುವಳು. ಆ ಗಿರಾಕಿ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಸಿಟ್ಟಿಗೆ ಕಾರಣವಿತ್ತು. ಐವತ್ತು ದಾಟಿದ ಹೆಂಗಸು. ಗಂಗಾವತಿ ಕಡೆಯ ಒಂದು ಕಾಲುವೆ ಊರಿಗೆ ಕೊಟ್ಟು ಮದುವೆ ಮಾಡಿದ್ದರು. ಗಂಡನೆಂಬ ಪುಣ್ಯಾತ್ಮ ಒಂದು ದಿನ ಇನ್ನೊಬ್ಬಳನ್ನು ಮನೆಗೆ ಕರೆತಂದು, "ನೀನೂ ಇರು, ಆಕಿನೂ ಇರ್ಲಿ" ಅಂದ. "ನೀವಿಬ್ರೂ ಇರ್ರಿ, ನನಗ ಜಾಗ ಸಾಲಂಗಿಲ್ಲ" ಎಂದು ಹೇಳಿ ದುರುಗವ್ವ ಉಟ್ಟ ಸೀರೆಯಲ್ಲಿ ಬಸ್ಸು ಹತ್ತಿ ತವರಿಗೆ ಬಂದಳು. ಮಕ್ಕಳಿರಲಿಲ್ಲ. ಅಂದಿನಿಂದ ತಮ್ಮ ವಿರುಪಣ್ಣನ ಪಡಸಾಲೆಯಲ್ಲಿ ಒಂದು ಮಣೆ, ಕೈಯಲ್ಲೊಂದು ಕುಂಚ. ಅಷ್ಟೇ ಅವಳ ಆಸ್ತಿ.

ಕಟ್ಟಿಗೆ ಕೆತ್ತುವುದು, ಹುಣಸೆ ಬೀಜದ ಅಂಟು ಬಳಿದು ನುಣುಪು ಮಾಡುವುದು ವಿರುಪಣ್ಣನ ಕೆಲಸ. ಆಮೇಲಿನದೆಲ್ಲ ದುರುಗವ್ವನದು. ಗೌರಿಯ ಸೀರೆ, ಸೀರೆಯ ಅಂಚು, ಕೈಬಳೆ, ಮೂಗುತಿ. ಕೆಂಪಿನ ಮೇಲೆ ಬಿಳಿ ಚುಕ್ಕೆ ಇಡುವುದರಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲೇ ಇರಲಿಲ್ಲ. ಆದರೆ ಕಣ್ಣು? ಕಣ್ಣು ಬರೆಯುವ ಹಾಗಿಲ್ಲ. ಹೆಣ್ಣುಮಕ್ಕಳು ದೇವರಿಗೆ ಕಣ್ಣು ಬರೆಯಬಾರದು ಎಂಬುದು ಅವರ ಮನೆಯ ಕಟ್ಟಳೆ. ವಿರುಪಣ್ಣ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಬಂದು, ಎರಡು ಗೆರೆ ಎಳೆದು ಎರಡು ಚುಕ್ಕೆ ಇಟ್ಟು ಏಳುವನು. ಮುಗಿಯಿತು, ಗೊಂಬೆ ಪೂರಾ ವಿರುಪಣ್ಣನದಾಯಿತು. ಕೊಪ್ಪಳದಿಂದ ಬಂದವರು "ಏನ್ರಿ ವಿರುಪಣ್ಣ ನಿಮ್ಮ ಕೈ!" ಎಂದು ಹೊಗಳುವರು. ದುರುಗವ್ವ ಅವರಿಗೆಲ್ಲ ಚಹಾ ಕೊಡಬೇಕು.

"ಎರಡು ಗೆರಿ ಎಳದಂವ ಕಲಾವಿದ, ಮೈತುಂಬ ಬರದಾಕಿ ಚಹಾ ಕಾಸಾಕಿ," ಎಂದು ಎಲ್ಲರಿಗೂ ಕೇಳುವಂತೆಯೇ ಗೊಣಗುವಳು. ವಿರುಪಣ್ಣನ ಹೆಂಡತಿ ಗೀತಾ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ವಿರುಪಣ್ಣ ಕೇಳದವನಂತೆ ಎದ್ದು ಹೋಗುವನು.

ಹೀಗಿರುವಾಗ ಒಂದು ಬೇಸಿಗೆಯ ಮಧ್ಯಾಹ್ನ ಓಣಿಯ ಬಾಯಿಗೆ ಬಿಳಿ ಕಾರು ಬಂದು ನಿಂತಿತು. ಇಳಿದವನು ಕೊಟ್ರಬಸಪ್ಪ. ಕೊಪ್ಪಳದಲ್ಲಿ ಬಟ್ಟೆ ಅಂಗಡಿ, ಊರಾಚೆ ರಸ್ತೆಗೆ ಹೊಸದಾಗಿ ಕಟ್ಟಿಸಿದ ಹೋಟೆಲು, ಮೇಲೊಂದು ಮದುವೆ ಹಾಲ್. ಅವನ ಮನೆಯ ಗೌರಿಗೆ ಪ್ರತಿವರ್ಷ ಬಣ್ಣ ಹಚ್ಚಿಕೊಡುತ್ತಿದ್ದುದು ಇದೇ ಮನೆ. ಆವತ್ತು ಗೌರಿಯನ್ನು ತಂದಿರಲಿಲ್ಲ. ಕೈಯಲ್ಲಿ ಒಂದು ಸಣ್ಣ ಪಂಜರ, ಅದರಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಮಾಸಲು ಹಕ್ಕಿ.

"ನೋಡ್ರಿ ವಿರುಪಣ್ಣ, ಹೆಂಗ ಮೋಸ ಮಾಡ್ಯಾನ ಆ ಮಾಂತೇಶ!" ಎಂದು ಕೂರುವ ಮೊದಲೇ ಶುರುಮಾಡಿದ. "ಕೆಂಪು ಮುನಿಯಾ ಅಂತ ಹನ್ನೆರಡು ಕೊಟ್ಟ. ದೀಪಾವಳ್ಯಾಗ ನೋಡಬೇಕಿತ್ತು ನೀವು, ಕುಂಕುಮದ ಭರಣಿ ಚೆಲ್ಲಿದಂಗ ಇದ್ವು. ಹೋಟೆಲ್ ಬಾಗಿಲದಾಗ ಜಾಳಿಗಿ ಮನಿ ಕಟ್ಟಿಸಿ ಬಿಟ್ಟಿದ್ದೆ. ಉಣ್ಣಾಕ ಬಂದವರು ಮೊದಲು ಅವುಕ್ಕ ಫೋಟೋ ಹೊಡಕೊಂಡು ಆಮ್ಯಾಲ ಒಳಗ ಬರ್ತಿದ್ರು. ಈಗ ನೋಡ್ರಿ, ಎಲ್ಲಾ ಬಣ್ಣ ಹೋಗ್ಯಾವ. ಕೊಕ್ಕು ಸುದ್ದಾ ಕರ್ರಗಾಗೈತಿ. ನಿನ್ನೆ ಒಬ್ಬಂವ ಕೇಳ್ತಾನ, ಸಾವ್ಕಾರ್ರ ಗುಬ್ಬಿ ಸಾಕೀರೇನ್ರಿ ಅಂತ!"

ಮಾಂತೇಶ ಎಂಬವನು ಹಿರೇಹಳ್ಳದ ಹಿನ್ನೀರಿನ ಜೊಂಡಿನಲ್ಲಿ ಬಲೆ ಒಡ್ಡಿ ಹಕ್ಕಿ ಹಿಡಿಯುವವನು. ಇಂಥ ಹಕ್ಕಿ ಹಿಡಿಯುವುದೂ ಮಾರುವುದೂ ಸಾಕುವುದೂ ಕಾನೂನಿಗೆ ವಿರುದ್ಧ. ಅದು ಮಾಂತೇಶನಿಗೂ ಗೊತ್ತು, ಕೊಟ್ರಬಸಪ್ಪನಿಗೂ ಗೊತ್ತು. ಗೊತ್ತಿದ್ದು ಏನು ಬಂತು? ಸಾವುಕಾರನ ಹೋಟೆಲಿನಲ್ಲಿ ಊಟ ಮಾಡಿ ಎದ್ದವರು ಯಾರೂ ಅವನನ್ನು ಕೇಳಲಿಲ್ಲ. ಈಗ ಅವನ ಚಿಂತೆ ಒಂದೇ. ಮಗನ ಮದುವೆ ಹತ್ತಿರ ಬಂದಿತ್ತು. ಬೀಗರು ಬರುವ ಹೊತ್ತಿಗೆ ಬಾಗಿಲಲ್ಲಿ ಕೆಂಪು ಹಕ್ಕಿ ಇರಬೇಕು, ಗುಬ್ಬಿ ಇರಬಾರದು.

"ನಮ್ಮ ಗೌರಿಗೆ ವರ್ಷಾ ಹಚ್ಚತೀರಿ. ಇದಕ್ಕೊಂದೀಟು ಹಚ್ಚಿಕೊಡ್ರಿ," ಅಂದ.

ಬೇರೆ ಊರಿನವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ಕಿನ್ನಾಳದಲ್ಲಿ ನಗಲಿಲ್ಲ. ಬಣ್ಣ ಹೋದ ತೊಟ್ಟಿಲು ಇಲ್ಲಿಗೆ ಬರುತ್ತದೆ, ಬಣ್ಣ ಹೋದ ಪಲ್ಲಕ್ಕಿ ಬರುತ್ತದೆ, ಊರೂರಿನ ದ್ಯಾಮವ್ವ ದುರುಗವ್ವ ದೇವಿಯರೇ ಮುಖ ಮಾಸಿತೆಂದು ಬರುತ್ತಾರೆ. ಹಾಗಿರುವಾಗ ಹಕ್ಕಿ ಬಂದರೆ ಏನು? ಮಾಸಿದ್ದಕ್ಕೆಲ್ಲ ಕುಂಚವೇ ಮದ್ದು ಎಂದು ನಂಬಿದ ಓಣಿ ಅದು. ದುರುಗವ್ವ ಕೂಡ ಮೊದಲು ಬೈದದ್ದು ಮಾಂತೇಶನನ್ನೇ. "ಕಚ್ಚಾ ಬಣ್ಣ ಹಚ್ಚಿ ಮಾರ್ಯಾನ ಭಾಡ್ಯಾ. ನೀರು ಬಿದ್ದಕೂಡ್ಲೆ ಬಿಟ್ಟೈತಿ," ಎಂದಳು.

ಆಮೇಲೆ ಕೊಟ್ರಬಸಪ್ಪ ಫೋನಿನಲ್ಲಿ ಚಳಿಗಾಲದ ಫೋಟೋ ತೋರಿಸಿದ. ದುರುಗವ್ವ ಕನ್ನಡಕ ಏರಿಸಿ ನೋಡಿದಳು. ಎದೆ, ಬೆನ್ನು, ತಲೆ ಎಲ್ಲ ದಟ್ಟ ಕೆಂಪು. ಪಕ್ಕೆಯ ಮೇಲೆ ಬಿಳಿ ಚುಕ್ಕೆ, ಒಂದಕ್ಕೊಂದು ತಾಗದ ಹಾಗೆ, ದುಂಡಗೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಇದು ತನ್ನದೇ ಕೆಲಸವಲ್ಲವೇ? ಗೌರಿಯ ಸೀರೆಗೆ ತಾನು ಇಡುವ ಚುಕ್ಕೆಯಲ್ಲವೇ? ಅದಕ್ಕಿಂತ ಹೆಚ್ಚಿನ ಮಾತು ಒಂದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಈ ಹಕ್ಕಿಗೆ ಕಣ್ಣು ಮೊದಲೇ ಇತ್ತು. ವಿರುಪಣ್ಣ ಮಡಿ ಉಟ್ಟು ಬಂದು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ತನ್ನದೇ ಕೈ ಆಗುವ ಮೊದಲನೆಯ ಕೆಲಸ ಅದು.

"ಇಟ್ಟು ಹೋಗ್ರಿ, ಹಚ್ಚತೀನಿ," ಅಂದಳು.

ವಿರುಪಣ್ಣ ಹಕ್ಕಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡ. ದುರುಗವ್ವ ಗೊಂಬೆಗೆ ಕಲೆಸುವ ಹಾಗೆಯೇ ಅಂಟಿನಲ್ಲಿ ಕೆಂಪು ಕಲೆಸಿ, ಅಳಿಲು ಕೂದಲಿನ ಸಣ್ಣ ಕುಂಚದಿಂದ ಹಚ್ಚುತ್ತಾ ಹೋದಳು. ಬೆರಳಿನ ಕೆಳಗೆ ಹಕ್ಕಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. "ಸುಮ್ನಿರ ಕೂಸ, ಚಂದ ಆಗ್ತೀ," ಎಂದು ರಮಿಸಿದಳು. ಕೊಕ್ಕಿಗೂ ಬಳಿದಳು. ಕೊನೆಗೆ ಬಿಳಿ ಚುಕ್ಕೆ. ಪಂಜರದಲ್ಲಿ ಬಿಟ್ಟು ಬಿಸಿಲಿಗೆ ಇಟ್ಟಾಗ ಓಣಿಯ ಹೆಂಗಸರೆಲ್ಲ ಬಂದು ಮೂಗಿನ ಮೇಲೆ ಬೆರಳಿಟ್ಟರು. ಅಷ್ಟು ಚೆಲುವಾಗಿತ್ತು. ವಿರುಪಣ್ಣ ಫೋಟೋ ತೆಗೆದು ಕಳಿಸಿದ. ಕೊಟ್ರಬಸಪ್ಪ ಕೂಡಲೇ ಫೋನು ಮಾಡಿ, ಉಳಿದವನ್ನೂ ನಾಳೆ ತರುತ್ತೇನೆ ಎಂದ.

ಆ ರಾತ್ರಿ ದುರುಗವ್ವ ಯಾರಿಗೂ ಬೈಯಲಿಲ್ಲ. ಗೀತಾ ಅದನ್ನು ಗಮನಿಸಿದಳು.

ಬೆಳಗಾಗುವಷ್ಟರಲ್ಲಿ ಅಂಟು ಒಣಗಿ ಗರಿಗಳೆಲ್ಲ ಒಂದಕ್ಕೊಂದು ಹಿಡಿದುಕೊಂಡಿದ್ದವು. ಹಕ್ಕಿ ರೆಕ್ಕೆ ಬಿಚ್ಚಲು ನೋಡಿತು, ಆಗಲಿಲ್ಲ. ಮುಚ್ಚಲೂ ಆಗಲಿಲ್ಲ. ಕೊಕ್ಕಿನಿಂದ ಎದೆಯ ಗರಿ ಕಿತ್ತು ಕಿತ್ತು ಬಣ್ಣ ನುಂಗಿತು. ನವಣೆ ಹಾಕಿದರೆ ಮುಟ್ಟಲಿಲ್ಲ. ದುರುಗವ್ವ ಬಿಸಿನೀರಲ್ಲಿ ಅರಿವೆ ಅದ್ದಿ ಒರೆಸಿದಳು, ಎಣ್ಣೆ ಹಚ್ಚಿದಳು. ಅವಳ ಬಣ್ಣ ಅಷ್ಟು ಸುಲಭಕ್ಕೆ ಬಿಡುವ ಬಣ್ಣವಲ್ಲ, ಅದೇ ಅವಳ ಹೆಸರಿಗೆ ಹೆಮ್ಮೆ. ಹಕ್ಕಿ ಅವಳ ಅಂಗೈಯಲ್ಲಿಯೇ ಕಾಲು ಮೇಲೆ ಮಾಡಿತು. ಎದೆಯ ಮೇಲೆ ಉಗುರಿನಿಂದ ತಟ್ಟಿ ನೋಡಿದಳು. ಕಟ್ಟಿಗೆ ಗೊಂಬೆಯನ್ನು ತಟ್ಟಿದ ಸದ್ದೇ ಬಂತು.

ಅದೇ ಹೊತ್ತಿಗೆ ಕಾರು ಬಂತು ನೋಡಿ. ದೊಡ್ಡ ಪಂಜರ, ಹನ್ನೊಂದು ಹಕ್ಕಿ.

ದುರುಗವ್ವ ಸತ್ತ ಹಕ್ಕಿಯನ್ನು ಕೊಟ್ರಬಸಪ್ಪನ ಮುಂದೆ ಹಿಡಿದಳು. "ವಾಪಸ್ ಒಯ್ರಿ ಅವನ್ನ. ಇದು ಗೊಂಬಿ ಅಲ್ರಿ, ಜೀವ ಐತಿ. ಸತ್ತು ಹೋತು ನೋಡ್ರಿ."

ಕೊಟ್ರಬಸಪ್ಪ ಸತ್ತ ಹಕ್ಕಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬಣ್ಣ ಮಾತ್ರ ಭಾಳ ಛಲೋ ಕುಂತೈತಿ," ಅಂದ. "ಇರ್ಲಿ ಬಿಡ್ರಿ. ಮದುವಿ ಹಿಂದಿನ ದಿನಾ ಹಚ್ಚಿಕೊಡ್ರಿ. ಮದುವಿ ಒಂದು ದಿನ ನಿಂತ್ರ ಸಾಕು, ಆಮ್ಯಾಲ ಹೋದ್ರ ಹೋಗ್ಲಿ."

"ಹೋದ್ರ ಹೋಗ್ಲಿ?" ದುರುಗವ್ವನ ದನಿ ಓಣಿಯ ಆ ತುದಿ ಮುಟ್ಟಿತು. "ಹಂಗಾದ್ರ ನಿಮ್ಮ ಮದಿಮಗನ್ನೂ ಕರಕೊಂಡು ಬರ್ರಿ, ಅವಂಗೂ ಎರಡು ಕೈ ಬಳೀತೀನಿ! ಒಂದು ದಿನ ನಿಂತ್ರ ಸಾಕಲ್ಲ?"

"ಅಕ್ಕಾ!" ವಿರುಪಣ್ಣ ಎದ್ದು ನಿಂತ. ಸಾವುಕಾರನೆಂದರೆ ಅವನಿಗೆ ದೇವರ ತೂಕ. ಹೋಟೆಲಿನ ಗೋಡೆಗೆಲ್ಲ ಕಿನ್ನಾಳ ಚಿತ್ರ ಬರೆಸುವ ಮಾತು ಬೇರೆ ಬಂದಿತ್ತು. "ಬಾಯಿ ಮುಚ್ಚಿಕೊಂಡು ಕೆಲಸ ಮಾಡು. ಬಾಗಿಲಿಗೆ ಬಂದವರಿಗೆ ಮದಿಮಗನ ಮಾತಾಡ್ತೀಯಲ್ಲ, ಬುದ್ಧಿ ಐತೇನು ನಿನಗ?"

"ನಾ ಹಚ್ಚಂಗಿಲ್ಲ."

"ಹಚ್ಚಂಗಿಲ್ಲಂದ್ರ ಕೇಳಿಲ್ಲೆ. ಈ ಹಕ್ಕಿಗೆ ಕುಂಚ ಹಿಡಿಯಂಗಿಲ್ಲಾಂದ್ರ, ಈ ಮನ್ಯಾಗ ಇನ್ನ ಯಾವುದಕ್ಕೂ ಹಿಡೀಬ್ಯಾಡ. ಆ ಮಣಿ ಬಿಟ್ಟು ಏಳು."

ಗೀತಾ "ಏನ್ರಿ ಇದು" ಎಂದು ನಡುವೆ ಬಂದಳು. ಯಾರೂ ಅವಳ ಕಡೆ ನೋಡಲಿಲ್ಲ. ದುರುಗವ್ವನಿಗೆ ಆ ಮಣೆ ಏನು ಎಂಬುದು ವಿರುಪಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಮಾತಾಡಿದ. ದುರುಗವ್ವ ಕುಂಚವನ್ನು ನೀರಿನ ಡಬ್ಬಿಯಲ್ಲಿ ಅದ್ದಿ ತೊಳೆದು, ತುದಿ ಸರಿಮಾಡಿ ಇಟ್ಟಳು. ಎದ್ದಳು. ಪಂಜರದ ಬಾಗಿಲು ತೆರೆದು ಕೈ ಹಾಕಿ ಒಂದು ಹಕ್ಕಿಯನ್ನು ಹಿಡಿದು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇದೊಂದು ನನಗ. ಬರ್ರಿ ಮುಂದ, ಯಾರು ಕಸೀತೀರಿ ನೋಡ್ತೀನಿ."

ಕೊಟ್ರಬಸಪ್ಪ ನಕ್ಕುಬಿಟ್ಟ. "ಒಯ್ಲಿ ಬಿಡ್ರಿ ವಿರುಪಣ್ಣ. ಬಣ್ಣಗೆಟ್ಟ ಗುಬ್ಬಿ ನನಗ್ಯಾಕ? ಹತ್ತು ಇದ್ರ ಸಾಕು."

ಮರುದಿನದಿಂದ ದುರುಗವ್ವ ಬಸ್‌ಸ್ಟ್ಯಾಂಡಿನ ಹತ್ತಿರ ಬಾಷಾಬಿಯ ಮಿರ್ಚಿ ಬಂಡಿಗೆ ಹೋದಳು. ಬಾಷಾಬಿ ಅವಳ ಸಣ್ಣಂದಿನ ಗೆಳತಿ, ಬಂಡಿ ನಡೆಸುತ್ತಾ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಮಲಗುವುದು ತಮ್ಮನ ಮನೆ, ಹಗಲೆಲ್ಲ ಬಾಣಲೆಯ ಮುಂದೆ. ಗೌರಿಯ ಬಳೆಗೆ ಗೆರೆ ಎಳೆದ ಕೈ ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುವಂತಾಯಿತು. ಸಂಜೆ ಮಂಡಕ್ಕಿ ತಿನ್ನಲು ಬಂದವರು "ಏನವ್ವಾ ಇಲ್ಲಿ?" ಎಂದು ಕೇಳಿದರೆ, "ನಿನ್ನ ಸಲುವಾಗಿ ಬಂದೀನಿ, ತಿಂದು ಎದ್ದು ಹೋಗು," ಎನ್ನುವಳು. ಅಂಗೈಯ ಬಣ್ಣದ ಕಲೆಗಳು ಎಣ್ಣೆಯಲ್ಲಿ ಮೆಲ್ಲಗೆ ಮಾಸುತ್ತಿದ್ದವು. ಅದನ್ನು ಕಂಡಾಗೆಲ್ಲ ಹಿಟ್ಟನ್ನು ಇನ್ನಷ್ಟು ಜೋರಾಗಿ ಕಲೆಸುವಳು. ಹಕ್ಕಿಯನ್ನು ಬಾಷಾಬಿಯ ಹಿತ್ತಲಿನಲ್ಲಿ ಒಂದು ಪಂಜರ ಮಾಡಿ ಇಟ್ಟಿದ್ದಳು. ಬಿಟ್ಟುಬಿಡೋಣವೆಂದರೆ ಮಾಂತೇಶನ ಬಲೆ ಇನ್ನೂ ಜೊಂಡಿನಲ್ಲೇ ಇತ್ತು. ಬಣ್ಣವಿಲ್ಲದ್ದು ಹೊರಗೆ ಬದುಕೀತೇ ಎಂಬ ಅನುಮಾನವೂ ಇತ್ತು.

ವಿರುಪಣ್ಣ ಹತ್ತೂ ಹಕ್ಕಿಗೆ ತಾನೇ ಬಣ್ಣ ಹಚ್ಚಿದ. ಮದುವೆಯ ದಿನ ಬೀಗರು ಹೊಗಳಿದ್ದೇ ಹೊಗಳಿದ್ದು, ಹುಡುಗಿಯರು ಮುತ್ತಿಕೊಂಡು ವಿಡಿಯೋ ತೆಗೆದದ್ದೇ ತೆಗೆದದ್ದು. ಅಷ್ಟಾದರೂ ಅವು ಯಾಕೆ ಹಾರುವುದಿಲ್ಲ ಎಂದು ಒಬ್ಬ ತಾಯಿ ಮಗನೂ ಕೇಳಲಿಲ್ಲ. ವಾರ ತುಂಬುವುದರೊಳಗೆ ಹತ್ತೂ ಹೋದವು. ಬಿಸಿಲು ಜಾಸ್ತಿಯಾಯಿತು ಎಂದು ಕೊಟ್ರಬಸಪ್ಪ ಹೇಳಿಕೊಂಡು ತಿರುಗಿದ. ಗೀತಾ ಬಂಡಿಗೆ ಬಂದು ಈ ಸುದ್ದಿ ಹೇಳಿದಾಗ ದುರುಗವ್ವ ಮಿರ್ಚಿ ಎತ್ತುವ ಜಾಲರಿಯನ್ನು ಬಾಣಲೆಗೆ ಎಸೆದ ರಭಸಕ್ಕೆ ಎಣ್ಣೆ ಸಿಡಿದು ಮೊಣಕೈ ಸುಟ್ಟಿತು.

ಮಳೆ ಹಿಡಿಯಿತು. ಸಜ್ಜೆ ಬಿತ್ತಿದರು. ಒಂದು ಬೆಳಿಗ್ಗೆ ನವಣೆ ಹಾಕಲು ಹೋದ ದುರುಗವ್ವ ಹಕ್ಕಿಯ ಕೊಕ್ಕು ನೋಡಿದಳು. ಕೆಂಪು! ಎದೆಯ ಮೇಲೆ ಅಲ್ಲಲ್ಲಿ ಕೆಂಪು, ಹರಿದ ಅರಿವೆಗೆ ತೇಪೆ ಹಾಕಿದ ಹಾಗೆ.

ಅವಳಿಗೆ ನೆತ್ತಿಗೇರಿತು. "ಬಾಷಾಬೀ! ಯಾರನ್ನ ಕರಕೊಂಡು ಬಂದಿದ್ದೆ ಒಳಗ? ನನ್ನ ತಮ್ಮ ಬಂದಿದ್ನಾ? ಇದಕ್ಕೂ ಹಚ್ಚಿಸಿ ಕೊಲ್ಲಬೇಕಂತ ಮಾಡೀರಾ?"

"ಅಲ್ಲಾ! ನಾ ಯಾಕ ಹಚ್ಚಸ್ಲಿ?" ಬಾಷಾಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನಿಮ್ಮ ಓಣಿಯವರಿಗೆ ಕೆಂಪು ಕಂಡ್ರ ಸಾಕು, ಯಾರೋ ಹಚ್ಚ್ಯಾರ ಅಂತೀರಿ. ಕೈಗೆ ಹತ್ತತೈತೇನು ನೋಡಲ್ಲ!"

ದುರುಗವ್ವ ಒದ್ದೆ ಅರಿವೆ ತಂದು ಒರೆಸಿದಳು. ಅರಿವೆ ಬೆಳ್ಳಗೇ ಉಳಿಯಿತು. ಗರಿಯನ್ನು ಊದಿ ಬುಡ ನೋಡಿದಳು. ಹೊಸ ಗರಿ ಕೆಂಪಾಗಿಯೇ ಹುಟ್ಟಿ ಬರುತ್ತಿತ್ತು. ದಿನ ಕಳೆದ ಹಾಗೆ ತೇಪೆಗಳು ಕೂಡಿಕೊಂಡು ಎದೆ ತುಂಬಿತು, ಪಕ್ಕೆಯ ಮೇಲೆ ಬಿಳಿ ಚುಕ್ಕೆ ಎದ್ದವು. ಒಂದು ಚುಕ್ಕೆಯೂ ಇನ್ನೊಂದಕ್ಕೆ ತಾಗಿರಲಿಲ್ಲ. ಹಕ್ಕಿ ದನಿ ತೆಗೆದು ಹಾಡಲು ಶುರುಮಾಡಿತು.

ದುರುಗವ್ವ ಹಿತ್ತಲಿನಲ್ಲಿ ಕುಳಿತು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ. ಮಾಂತೇಶ ಮೋಸ ಮಾಡಿರಲಿಲ್ಲ. ಬಣ್ಣ ಬಿಟ್ಟು ಹೋಗಿರಲಿಲ್ಲ. ಬೇಸಿಗೆಗೆ ಕಳಚಿಡುವ ಅಂಗಿಯನ್ನು ಹಕ್ಕಿ ಕಳಚಿಟ್ಟಿತ್ತು, ಅಷ್ಟೇ.

ಮರುದಿನ ಪಂಜರ ಹಿಡಿದು ಕೊಪ್ಪಳದ ಬಸ್ಸು ಹತ್ತಿದಳು. ಕೊಟ್ರಬಸಪ್ಪನ ಮುಖದ ಮುಂದೆ ಇದನ್ನು ಹಿಡಿದು ನಾಲ್ಕು ಮಂದಿಯ ಎದುರು ಉಗಿಯದಿದ್ದರೆ ಅನ್ನ ಇಳಿಯುವ ಹಾಗಿರಲಿಲ್ಲ. ಹೋಟೆಲಿನ ಜಾಳಿಗೆ ಮನೆಯಲ್ಲಿ ಈಗ ಪ್ಲಾಸ್ಟಿಕ್ ಹೂವಿತ್ತು. ಗಲ್ಲೆಯ ಮೇಲೆ ಕುಳಿತಿದ್ದ ಕೊಟ್ರಬಸಪ್ಪ ಪಂಜರ ಕಂಡದ್ದೇ ಎದ್ದು ಬಂದ. ಅವಳು ಬಾಯಿ ತೆರೆಯುವ ಮೊದಲೇ ಬೆರಳಿಗೆ ಎಂಜಲು ಹಚ್ಚಿ, ಪಂಜರದೊಳಗೆ ತೂರಿಸಿ, ಹಕ್ಕಿಯ ಬೆನ್ನು ತಿಕ್ಕಿದ.

"ಹೋಗವಲ್ದಲ್ಲ! ಯಾವಾಗ ಹಚ್ಚೀದಿ ದುರುಗವ್ವ?"

"ಅದ ಹ್ವಾದ ಬ್ಯಾಸಗಿ ಹಕ್ಕಿರಿ."

"ಅಷ್ಟು ದಿನ ಆಗೈತಿ, ಇನ್ನೂ ಜೀವ ಐತಿ! ಹಾರ್ತೈತಿ! ಇದನ್ನ ಮೊದಲ ಮಾಡಿದ್ರ ಹತ್ತೂ ಉಳೀತಿದ್ವಲ್ಲ! ನಿನ್ನ ತಮ್ಮಗೇನು ಬರ್ತೈತಿ ಮಣ್ಣು. ನಿನ್ನ ಕೈ ಅಂದ್ರ ಕೈಯವ್ವಾ." ಅವನು ಊಟಕ್ಕೆ ಕುಳಿತವರನ್ನು ಕರೆದು ತೋರಿಸಿದ. ನಾಲ್ಕು ಫೋನು ಮೇಲೆದ್ದವು. "ಕೇಳಿಲ್ಲೆ. ಈ ಬಾಗಿಲ ಬಾಜೂಕ ಒಂದು ಖೋಲಿ ಖಾಲಿ ಐತಿ. ಗೊಂಬಿ ಅಂಗಡಿ ಹಾಕ್ಕೊಡ್ತೀನಿ. ದುರುಗವ್ವನ ಕೈಗೊಂಬಿ ಅಂತ ಬೋರ್ಡ್ ಬರಸ್ತೀನಿ. ಮೈನೂ ನೀನ ಬರಿ, ಕಣ್ಣೂ ನೀನ ಬರಿ, ಯಾರು ಬ್ಯಾಡಂತಾರ? ಮಾಂತೇಶ ಮತ್ತ ಹಕ್ಕಿ ತರ್ತಾನ. ನೀ ಹಿಂಗ ಹಚ್ಚಿಕೊಡು."

ದುರುಗವ್ವ ನಿಂತುಬಿಟ್ಟಳು. ಬೈಯಲು ಬಂದವಳು ಆ ಖೋಲಿಯ ಬಾಗಿಲ ಕಡೆ ನೋಡಿದಳು. ಅವಳ ಹೆಸರಿನ ಬೋರ್ಡು! ಕುಂಚ ಮುಟ್ಟದೆ ಒಂದು ಮಳೆಗಾಲ ಕಳೆದಿದ್ದಳು, ಹಿಟ್ಟು ಮೆತ್ತಿದ ಬೆರಳುಗಳು ಈಗಲೂ ನಿದ್ದೆಯಲ್ಲಿ ಚುಕ್ಕೆ ಇಡುತ್ತಿದ್ದವು. ಹ್ಞೂಂ ಅಂದರೆ ಸಾಕು. ಒಂದೇ ಒಂದು ಹ್ಞೂಂ. ಬೇಕು, ಬೇಕು ಎಂದು ಅವಳ ಮೈಯೆಲ್ಲ ಕೂಗಿತು. ಬೇಡವಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ನಾ ಹಚ್ಚಿಲ್ರಿ," ಅಂದಳು.

"ಮತ್ಯಾರು ಹಚ್ಚ್ಯಾರ?"

"ಯಾರೂ ಹಚ್ಚಿಲ್ಲ. ತಾನ ಬಂದೈತಿ."

ಕೊಟ್ರಬಸಪ್ಪ ಮುಸಿಮುಸಿ ನಕ್ಕ. "ಗುಟ್ಟು ಬಿಡಂಗಿಲ್ಲ, ಹೌದಿಲ್ಲೋ? ಇರ್ಲಿ. ಅಂಗಡಿ ಬ್ಯಾಡಾದ್ರ ಬಿಡು. ಪಂಜರ ಇಲ್ಲಿಟ್ಟು ಹೋಗು. ಹಕ್ಕಿ ನಂದ ಐತಿ."

"ನಿಮ್ಮದಾ? ಬಣ್ಣಗೆಟ್ಟ ಗುಬ್ಬಿ ನನಗ್ಯಾಕ ಅಂದಿದ್ರಲ್ರಿ?"

"ಈಗ ಗುಬ್ಬಿ ಅಲ್ಲಲ್ಲ ಅದು."

ದುರುಗವ್ವ ಪಂಜರವನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದಳು. ಹೋಟೆಲಿನ ಬಗಲಿಗೇ ಸಜ್ಜೆಯ ಹೊಲ, ತೆನೆ ಹಿಡಿದಿತ್ತು. ಬೇಲಿಯ ಹತ್ತಿರ ನಿಂತು ಪಂಜರದ ಬಾಗಿಲನ್ನು ಕಿತ್ತೇ ಹಾಕಿದಳು. ಹಕ್ಕಿ ಅಂಚಿಗೆ ಬಂದು ಕುಳಿತು ಆ ಕಡೆ ಈ ಕಡೆ ನೋಡಿತು. ಅದು ಪುರ್ರನೆ ಎದ್ದು ಸಜ್ಜೆಯೊಳಗೆ ಹೋಯಿತು.

"ಏ ಹುಚ್ಚಿ!" ಕೊಟ್ರಬಸಪ್ಪ ಕಟ್ಟೆಯ ಮೇಲಿನಿಂದ ಕೂಗಿದ. "ಅಂಥಾ ಬಣ್ಣ ಇನ್ನ ಯಾರು ಹಚ್ಚಿಕೊಡ್ತಾರ?"

ದುರುಗವ್ವ ಖಾಲಿ ಪಂಜರವನ್ನು ಅವನ ಕಾಲ ಬುಡಕ್ಕೆ ಎಸೆದಳು. "ಮಳಿ ಬಂದ್ರ ತಾನ ಬರ್ತಿತ್ತೋ ಮಾರಾಯಾ! ಹನ್ನೆರಡಕ್ಕೂ ಬರ್ತಿತ್ತು! ನಾವು ಏನೂ ಮಾಡಬೇಕಾಗಿರಲಿಲ್ಲ. ಕೈಕಟ್ಟಿಕೊಂಡು ಕುಂತಿದ್ರ ಸಾಕಿತ್ತು. ಅಷ್ಟೂ ಆಗಲಿಲ್ಲ ನಮಗ!"

ಕಿನ್ನಾಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೂ ಅವಳ ಬೈಗುಳ ನಿಲ್ಲಲಿಲ್ಲ. ಹಾಳಾಗಿ ಹೋಗ್ಲಿ, ಕೈ ಸೇದಿ ಹೋಗ್ಲಿ ಎಂದು ಗೊಣಗುತ್ತಲೇ ಇದ್ದಳು. ಪಕ್ಕದಲ್ಲಿ ಸಂತೆಚೀಲ ಇಟ್ಟುಕೊಂಡು ಕುಳಿತಿದ್ದ ಮುದುಕಿ ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ತಡೆಯಲಾರದೆ ಅವಳ ಮೊಣಕಾಲು ಮುಟ್ಟಿದಳು.

"ಯಾರಿಗೆ ಬೈಯಾಕತ್ತೀ ಯವ್ವಾ, ಇಷ್ಟು?"

"ಮೊದಲನೇದ್ದಕ್ಕ ಹಚ್ಚಿದಾಕಿಗೆ," ಅಂದಳು ದುರುಗವ್ವ.